ಬಸಮ್ಮನ ಕಣದ ಮೇಲೊಂದು ಹಿಮ್ಮಡಿ

ಹೊಂಗಡಹಳ್ಳದ ಕಡೆ ಹೋಗುವ ರಸ್ತೆಯಲ್ಲಿ ಬಸಮ್ಮನ ಕಣ ಯಾವುದು ಅಂತ ಕೇಳಿದರೆ ಯಾರು ಬೇಕಾದರೂ ತೋರಿಸುತ್ತಾರೆ. ಕಣವೇನು ಭಾರಿ ದೊಡ್ಡದಲ್ಲ. ಆದರೆ ಅದರ ಮೇಲೆ ಒಣಹಾಕಿದ ಕಾಫಿ ನೋಡಬೇಕು, ಮದುವೆ ಮನೆಗೆ ಹೊರಟವಳ ತಲೆ ಹಾಗೆ, ಎಣ್ಣೆ ಹಚ್ಚಿ ಬಾಚಿ ಬೈತಲೆ ತೆಗೆದಂತೆ ಸಾಲು ಸಾಲು. ಉಳಿದವರೆಲ್ಲ ಮರದ ಹಲುಬೆ ಹಿಡಿದು ಕಾಫಿ ಎಳೆದಾಡುತ್ತಾರೆ. ಬಸಮ್ಮನಿಗೆ ಹಲುಬೆ ಆಗದು. ಹಲುಬೆಗೇನು ಗೊತ್ತು, ಮೇಲೆ ಬಿಸಿ ಎಷ್ಟು ಅಡಿಯಲ್ಲಿ ಹಸಿ ಎಷ್ಟು ಅನ್ನೋದು, ಅದು ಕಾಲಿಗೇ ಗೊತ್ತಾಗಬೇಕು ಅನ್ನುವುದು ಅವಳ ವಾದ. ಅದಕ್ಕೇ ಬರಿಗಾಲಲ್ಲಿ ಕಾಫಿಯೊಳಗಿಳಿದು, ಹೆಜ್ಜೆ ಎತ್ತದೆ, ಹಿಮ್ಮಡಿ ಊರಿ ಪಾದ ಜಾರಿಸಿಕೊಂಡು ಈ ತುದಿಯಿಂದ ಆ ತುದಿಗೆ ಹೋಗುತ್ತಾಳೆ. ಎರಡು ಕಾಲಿಗೆ ಎರಡು ಗೀರು, ಮಧ್ಯೆ ಒಂದು ದಿಂಡು. ಬೆಳಿಗ್ಗೆ ಉದ್ದಕ್ಕೆ ಎಳೆದರೆ ಮಧ್ಯಾಹ್ನ ಅಡ್ಡಕ್ಕೆ. ಆ ಗೀರು ಸೊಟ್ಟಗಾಯಿತೋ, ಜೊತೆಗೆ ಕೆಲಸ ಮಾಡುವ ಭೂತಮ್ಮನ ಗತಿ ಮುಗಿಯಿತು ಅಂತಲೇ ಲೆಕ್ಕ. ಇಬ್ಬರೂ ಒಂದೇ ವಾರಿಗೆಯವರು, ಬೈಯುವುದಕ್ಕೂ ಬೈಸಿಕೊಳ್ಳುವುದಕ್ಕೂ ಇಬ್ಬರಿಗೂ ಬೇಸರವಿರಲಿಲ್ಲ.

ಇಂಥ ಬಸಮ್ಮನ ಸ್ವಂತ ಮೊಮ್ಮಗಳು ಸ್ನೇಹಾ ಮಾತ್ರ ಕಣಕ್ಕೆ ಕಾಲಿಡುತ್ತಿರಲಿಲ್ಲ. ಹತ್ತು ವರ್ಷದ ಹುಡುಗಿ, ಐದನೇ ಕ್ಲಾಸು, ಬಾಯಿ ಮಾತ್ರ ಐವತ್ತು ವರ್ಷದವರದ್ದು. ಊರಿನಲ್ಲಿ ಯಾರು ಹೇಗೆ ಕೆಮ್ಮುತ್ತಾರೆ, ಯಾರು ಹೇಗೆ ಫೋನಿನಲ್ಲಿ ಕೂಗುತ್ತಾರೆ ಎಲ್ಲ ಮಾಡಿ ತೋರಿಸುತ್ತಿದ್ದಳು. ಆದರೆ ಅವಳ ಬಲಗಾಲಿನ ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ಮೊಣಕಾಲಿನ ಹಿಂಬದಿಯಿಂದ ಹೊರಟು, ಮೀನಖಂಡದ ಮೇಲೆ ಹಾದು, ಹಿಮ್ಮಡಿಯ ತನಕ ಒಂದು ಪಟ್ಟಿ ಇಳಿದಿತ್ತು. ಮೇಣ ಸವರಿದ ಹಾಗೆ ಹೊಳಪು, ಮುಟ್ಟಿದರೆ ಡೋಲಿನ ತೊಗಲಿನಷ್ಟು ಬಿಗಿ. ಆ ಬಿಗಿ ಹಿಮ್ಮಡಿಯನ್ನು ಮೇಲಕ್ಕೆ ಎಳೆದು ಹಿಡಿದುಕೊಂಡಿತ್ತು, ಮೊಣಕಾಲನ್ನೂ ಪೂರ್ತಿ ನೆಟ್ಟಗಾಗಲು ಬಿಡುತ್ತಿರಲಿಲ್ಲ. ಎಡಗಾಲು ಪೂರ್ತಿ ಊರಿ, ಬಲಗಾಲು ತುದಿಬೆರಳಲ್ಲಿ ಕುಕ್ಕಿ ಕುಕ್ಕಿ ನಡೆಯುತ್ತಿದ್ದಳು. ಸ್ಕೂಲಿನಲ್ಲಿ ಅವಳನ್ನು ಕೊಕ್ಕರೆ ಅನ್ನುತ್ತಿದ್ದರು. ಅವರು ಅನ್ನುವ ಮೊದಲೇ ಇವಳು ಒಂಟಿ ಕಾಲಲ್ಲಿ ನಿಂತು ಕತ್ತು ಉದ್ದ ಮಾಡಿ ಕೊಕ್ಕರೆಯಾಗಿ ತೋರಿಸಿ, ನಗಿಸಿ, ಆ ಹೆಸರಿನ ಚುಚ್ಚು ತೆಗೆದುಬಿಡುತ್ತಿದ್ದಳು. ಮನೆಗೆ ಬಂದ ಮೇಲೆ ಮಾತ್ರ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಶೆಡ್ಡಿನ ಹಿಂದೆ ಹೋಗಿ ಸುಮ್ಮನೆ ಕೂತಿರುತ್ತಿದ್ದಳು. ಅದನ್ನು ನೋಡಿದ್ದು ಬಸಮ್ಮ ಒಬ್ಬಳೇ.

ಇದು ಶುರುವಾದದ್ದು ಎರಡು ವರ್ಷದ ಹಿಂದೆ. ಮೀನಖಂಡದ ಮೇಲೆ ಒಂದು ಬಿಳಿಚು ಕಲೆ, ಸುತ್ತ ತಿಳಿ ನೇರಳೆ ಅಂಚು. ಬಸಮ್ಮ ನೋಡಿದವಳೇ ಇದು ಹೊಲಗೇರು ಅಂದುಬಿಟ್ಟಳು. ಈ ಕಾಡಿನಲ್ಲಿ ಹೊಲಗೇರು ಮರದ ಸೊನೆ ತಾಗಿದರೆ ಮೈ ಸುಟ್ಟು ಬೊಬ್ಬೆ ಏಳುತ್ತದೆ, ಕಲೆ ಬೀಳುತ್ತದೆ. ಹಳ್ಳದ ದಂಡೆಯ ಹೊಲಗೇರಿನ ಬುಡದಲ್ಲೇ ಹುಡುಗಿ ಆಡುತ್ತಿದ್ದದ್ದೂ ನಿಜ. ಅದಕ್ಕೆ ಊರಲ್ಲಿ ಹಿಂದಿನಿಂದ ಮಾಡಿಕೊಂಡು ಬಂದದ್ದು ಒಂದೇ ಮದ್ದು. ತಾರೆ ಮರವನ್ನು ಸುತ್ತಿ ಬರಬೇಕು, ಅದರ ತೊಗಟೆ ಅರೆದು ಹಚ್ಚಬೇಕು. ಹೊಲಗೇರಿನ ಸಿಟ್ಟನ್ನು ತಾರೆ ಇಳಿಸುತ್ತದೆ ಅನ್ನುವ ನಂಬಿಕೆ. ಬಸಮ್ಮ ಮೊಮ್ಮಗಳ ಕೈಹಿಡಿದು ಸೋಮವಾರ ಸೋಮವಾರ ತಾರೆ ಮರ ಸುತ್ತಿಸಿದಳು. ಮರವನ್ನು ತಬ್ಬಿ ತಪ್ಪಾಯ್ತು ಅನ್ನಿಸಿದಳು. ಸೊಸೆ ಆಶಾ ಒಮ್ಮೆ ಡಾಕ್ಟರಿಗೆ ತೋರಿಸೋಣ ಅಂದಾಗ, ನಿಮ್ಮ ಆಲೂರು ಕಡೆ ಹೊಲಗೇರು ಇಲ್ಲ, ನಿಂಗೇನು ಗೊತ್ತು ಅಂತ ಬಾಯಿ ಮುಚ್ಚಿಸಿದಳು. ಮಗ ಮೃತ್ಯುಂಜಯ ಅವ್ವನ ಮಾತಿಗೆ ಎದುರಾಡುವವನಲ್ಲ. ಒಂದು ಮಾತ್ರ ಬಸಮ್ಮನಿಗೆ ಆಗಲೂ ಕಾಣಬೇಕಿತ್ತು: ಹೊಲಗೇರು ತಾಗಿದ ಮೈ ಕೆರೆದು ಕೆರೆದು ರಕ್ತ ಬರುತ್ತದೆ, ಈ ಹುಡುಗಿ ಒಂದು ದಿನವೂ ಕೆರೆದುಕೊಳ್ಳಲಿಲ್ಲ.

ಕಲೆ ಪಟ್ಟಿಯಾಯಿತು. ಪಟ್ಟಿ ಬಿಗಿಯಾಯಿತು. ಪಕ್ಕದ ತೋಟದ ನಾಗರತ್ನಮ್ಮ ತನ್ನ ಮೊಮ್ಮಗಳನ್ನು ಸ್ಕೂಲ್ ಜೀಪಿನಲ್ಲಿ ಸ್ನೇಹಾಳ ಪಕ್ಕದಿಂದ ಎಬ್ಬಿಸಿ ಮುಂದಿನ ಸೀಟಿಗೆ ಕೂರಿಸಿದಳು. ದೊಡ್ಡ ರೋಗ ಇರಬೌದು ಕಣ್ರೀ, ಅಂತ ಅಂಗಡಿಯಲ್ಲಿ ಪಿಸುಗುಟ್ಟಿದಳಂತೆ. ಆ ಸುದ್ದಿ ಕಿವಿಗೆ ಬಿದ್ದ ದಿನ ಆಶಾ ಅತ್ತೆಯನ್ನೂ ಕೇಳಲಿಲ್ಲ, ಗಂಡನನ್ನೂ ಕೇಳಲಿಲ್ಲ. ಮಗಳನ್ನು ಕರೆದುಕೊಂಡು ಹಾಸನದ ಬಸ್ಸು ಹತ್ತಿದಳು.

ಹಾಸನದ ಚರ್ಮದ ಡಾಕ್ಟರು ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. ಅಲ್ಲಿಂದ ಮಂಗಳೂರಿಗೆ, ಮಕ್ಕಳ ಕೀಲು ನೋಡುವ ಡಾಕ್ಟರ ಹತ್ತಿರ. ಅಲ್ಲಿಗೆ ಬಸಮ್ಮನೂ ಹೋಗಿದ್ದಳು. ಮಾರ್ಫಿಯಾ ಅಂತ ಇದರ ಹೆಸರು, ಸ್ಕ್ಲೀರೋಡರ್ಮಾ ಅಂತಲೂ ಅನ್ನುತ್ತಾರೆ, ಮಕ್ಕಳಿಗೆ ಅಪರೂಪಕ್ಕೆ ಬರುತ್ತದೆ ಅಂದರು ಡಾಕ್ಟರು. ಯಾರಿಗೂ ಅಂಟುವುದಿಲ್ಲ. ಯಾರ ತಪ್ಪಿಗೂ ಬರುವುದಿಲ್ಲ. ಮೈ ಕಾಯಬೇಕಾದ ಕಾವಲುಗಾರನೇ ದಿಕ್ಕು ತಪ್ಪಿ ತನ್ನ ಮನೆಯ ಮೇಲೇ ಕಲ್ಲು ಬೀರಿದ ಹಾಗೆ. ವಾರಕ್ಕೊಮ್ಮೆ ಮಾತ್ರೆ ಕೊಟ್ಟರೆ ಆ ಕಾವಲುಗಾರ ತಣ್ಣಗಾಗುತ್ತಾನೆ, ರಕ್ತ ಪರೀಕ್ಷೆ ಮಾತ್ರ ತಪ್ಪಿಸಬಾರದು. ಆದರೆ ಈಗಾಗಲೇ ಬಿಗಿದುಕೊಂಡ ಚರ್ಮ, ನರದಂಥ ಪಟ್ಟಿ, ಕೀಲು, ಇವನ್ನು ದಿನಾ ಎಳೆದು ಎಳೆದು ಸಡಿಲ ಮಾಡಬೇಕು. ಹುಡುಗಿ ಬೆಳೆಯುತ್ತಿದ್ದಾಳೆ, ಬರುವ ಶಿವರಾತ್ರಿ ಹೊತ್ತಿಗೆ ಹಿಮ್ಮಡಿ ನೆಲ ಮುಟ್ಟದಿದ್ದರೆ ಆಪರೇಷನ್ ಬಗ್ಗೆ ಯೋಚಿಸಬೇಕಾಗುತ್ತದೆ. ಇಂಥ ಚರ್ಮದ ಮೇಲೆ ಕೊಯ್ದ ಗಾಯ ಬೇಗ ಮಾಯುವುದಿಲ್ಲ, ಆದ್ದರಿಂದ ತಮಗೂ ಅದು ಇಷ್ಟವಿಲ್ಲ ಅಂದರು. ಏಳುವಾಗ, ಬೈಯುವ ದನಿಯಲ್ಲೇನಲ್ಲ, ಒಂದು ವರ್ಷ ಮೊದಲು ಬಂದಿದ್ದರೆ ಇಷ್ಟು ಎಳೆದಿರುತ್ತಿರಲಿಲ್ಲ ಅಂತಲೂ ಅಂದರು.

ಆಶಾ ಅತ್ತೆಯ ಕಡೆ ತಿರುಗಿಯೂ ನೋಡಲಿಲ್ಲ. ಬೈದಿದ್ದರೆ ಬಸಮ್ಮ ತಿರುಗಿ ಬೈದು ಹಗುರಾಗುತ್ತಿದ್ದಳು. ಶಿರಾಡಿ ಘಾಟಿ ಹತ್ತಿ ಮಾರನಹಳ್ಳಿಯಲ್ಲಿ ಕಾರು ನಿಲ್ಲಿಸುವ ತನಕ ಸೊಸೆ ಒಂದು ಮಾತಾಡಲಿಲ್ಲ. ಅಲ್ಲಿ ಟೀ ಕುಡಿಯುತ್ತಾ ನಿಂತಾಗ ಬಸಮ್ಮ ಮನಸ್ಸಿನಲ್ಲೇ ಒಂದು ಆಣೆ ಮಾಡಿಕೊಂಡಳು: ಆ ಕಾಲಿಗೆ ಇನ್ನು ತನ್ನ ಕೈ ಸೋಕಬಾರದು.

ಅಂದಿನಿಂದ ಎಣ್ಣೆ ಹಚ್ಚುವುದು, ಮಾತ್ರೆ ಕೊಡುವುದು, ಎಳೆಯುವುದು ಎಲ್ಲ ಆಶಾಳದ್ದೇ. ವ್ಯಾಯಾಮ ಹೇಳಿಕೊಟ್ಟದ್ದು ಸಕಲೇಶಪುರದ ಒಂದು ಕ್ಲಿನಿಕ್ಕಿನ ಆಲ್ವಿಟಾ. ಬಸಮ್ಮನಿಗೆ ಈ ಆಲ್ವಿಟಾಳ ಮೇಲೆ ಅಂಥ ಭರವಸೆ ಇರಲಿಲ್ಲ, ಯಾಕೆಂದರೆ ಅವಳು ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ಫೆಲಿಕ್ಸ್ ರೈಟರ ಮಗಳು. ಲಂಗ ಹಾಕುವ ಕಾಲದಲ್ಲಿ ಬಸಮ್ಮನ ಸೀಬೆ ಮರ ಹತ್ತಿ ಸಿಕ್ಕಿಬಿದ್ದವಳು. ಸೀಬೆ ಕದ್ದೋಳು ಕಾಲು ಸರಿ ಮಾಡ್ತಾಳಂತೆ, ಅಂತ ಭೂತಮ್ಮನ ಹತ್ತಿರ ಗೊಣಗಿದ್ದೂ ಆಗಿತ್ತು.

ಟವೆಲ್ಲು ಪಾದಕ್ಕೆ ಸಿಕ್ಕಿಸಿ ಎಳೆಯುವುದು, ಗೋಡೆಗೆ ಕೈಕೊಟ್ಟು ಹಿಂದಿನ ಕಾಲು ಊರಿ ನಿಲ್ಲುವುದು, ಮಲಗುವಾಗ ಪ್ಲಾಸ್ಟಿಕ್ಕಿನ ಅಚ್ಚಿನೊಳಗೆ ಕಾಲು ಕಟ್ಟಿಕೊಳ್ಳುವುದು. ಆಶಾ ಟವೆಲ್ಲು ಹಿಡಿದಳೋ, ಸ್ನೇಹಾ ಮಾಯ. ಸಿಕ್ಕಿಬಿದ್ದರೆ ಅಳು, ಅಳುವಿನ ಮಧ್ಯೆ ಆಲ್ವಿಟಾಳ ಅಣಕ, ಆಮೇಲೆ ಅಮ್ಮನ ಅಳು. ಮಾತ್ರೆ ನುಂಗಿದ ಮಾರನೇ ದಿನ ಹೊಟ್ಟೆ ತೊಳಸಿ ಊಟ ಬೇಡ. ಪಟ್ಟಿಯ ನೇರಳೆ ಅಂಚು ಮಾತ್ರ ಮಾಸಿತು, ರೋಗ ನಿಂತಿದೆ ಅಂದರು ಡಾಕ್ಟರು. ಹಿಮ್ಮಡಿ ಇಳಿಯಲಿಲ್ಲ. ಬಸಮ್ಮ ದೂರದಿಂದ ನೋಡುತ್ತಿದ್ದಳು. ಹುಡುಗಿ ನಿಂತಿದ್ದಾಗ ಆ ಹಿಮ್ಮಡಿಯ ಅಡಿಯಲ್ಲಿ ಒಂದು ಮುಷ್ಟಿ ಆರಾಮಾಗಿ ಹಿಡಿಸುವಷ್ಟು ಜಾಗ ಇತ್ತು.

ಡಿಸೆಂಬರ್ ಕೊನೆಯಲ್ಲಿ ಅರೇಬಿಕಾ ಕುಯ್ಲು ಜೋರಾಗಿತ್ತು. ಹಣ್ಣು ಪಲ್ಪರಿನಲ್ಲಿ ಸಿಪ್ಪೆ ಬಿಚ್ಚಿಸಿಕೊಂಡು, ತೊಳೆಸಿಕೊಂಡು, ಬೆಳ್ಳಗೆ ಕಣಕ್ಕೆ ಬರುತ್ತಿತ್ತು. ಕ್ರಿಸ್‌ಮಸ್ ರಜೆಗೆ ಅಪ್ಪನ ಮನೆಗೆ ಬಂದ ಆಲ್ವಿಟಾ ತನ್ನ ಅಮ್ಮ ಮರ್ಸಿ ಮಾಡಿದ ಹಬ್ಬದ ತಿಂಡಿ ಕುಸ್ವಾರಿನ ತಟ್ಟೆ ಹಿಡಿದು ಬಂದಳು. ಪ್ರತಿ ವರ್ಷ ಬರುವ ತಟ್ಟೆ, ಪ್ರತಿ ವರ್ಷ ಬಸಮ್ಮ ಬೆಲ್ಲ ತುಂಬಿ ವಾಪಸು ಕೊಡುವ ತಟ್ಟೆ. ಕಣದ ಕಟ್ಟೆಯ ಮೇಲೆ ಕೂತಳು. ಕಾಫಿಯೊಳಗೆ ಸಾಲು ಎಳೆಯುತ್ತಿದ್ದ ಬಸಮ್ಮನ ಕಾಲನ್ನೇ ನೋಡುತ್ತಿದ್ದಳು. ಹಿಮ್ಮಡಿ ಊರಿ, ಮೊಣಕಾಲು ನೆಟ್ಟಗೆ ಮಾಡಿ, ಪಾದ ಜಾರಿಸಿ, ಮತ್ತೆ ಹಿಮ್ಮಡಿ. ಎದ್ದು ಬಂದು ಕಾಫಿಯೊಳಗೆ ಕೈಯಿಟ್ಟಳು. ಬಿಸಿಲಿಗೆ ಕಾದು ಹದವಾಗಿ ಬೆಚ್ಚಗಿತ್ತು.

"ಬಸಮ್ಮಜ್ಜಿ, ನಾನು ಗೋಡೆ ಮುಂದೆ ನಿಲ್ಲಿಸಿ ಮಾಡ್ಸೋದನ್ನೇ ನೀವು ದಿನಾ ಇಲ್ಲಿ ಮಾಡ್ತಾ ಇದೀರಿ ಮಾರ್ರೆ," ಅಂದಳು. "ಅವಳನ್ನ ಕಣಕ್ಕೆ ಇಳಿಸಿ. ಮೊದ್ಲು ಕಾಲು ಇದ್ರೊಳಗೆ ಹೂತು ಬೆಚ್ಚಗೆ ಮಾಡಿ, ಆಮೇಲೆ ಎಳೀರಿ, ಆಮೇಲೆ ನಡೆಸಿ."

ಬಸಮ್ಮ ನಿಂತಲ್ಲೇ ನಿಂತಳು. ಅದೆಲ್ಲ ಆಗಾಕಿಲ್ಲ ಅಂದಳು. ಕುಂಟು ಕಾಲು ಬಿದ್ದರೆ ಸಾಲು ಕೆಡುತ್ತದೆ, ಕಾಫಿ ಒಂದೇ ಹದಕ್ಕೆ ಒಣಗುವುದಿಲ್ಲ, ಬಿಸಿಲಿಗೆ ಮಗು ಕಪ್ಪಾಗುತ್ತದೆ, ಚರ್ಮ ಬಿರಿಯುತ್ತದೆ ಅಂತ ಒಂದರ ಮೇಲೊಂದು ಕಾರಣ ಒಟ್ಟಿದಳು. ಆಲ್ವಿಟಾ ಎಲ್ಲದಕ್ಕೂ ಉತ್ತರ ಕೊಟ್ಟಳು. ನೆತ್ತಿ ಬಿಸಿಲಲ್ಲಿ ಬೇಡ, ಎಳೆ ಬಿಸಿಲು ಮತ್ತು ಸಂಜೆ ಸಾಕು. ಕಾಲು ಪೂರ್ತಿ ಮುಚ್ಚುವ ಪೈಜಾಮ ಹಾಕಿಸಬೇಕು. ಕಾಫಿಯ ಬಿಸಿಯನ್ನು ಮೊದಲು ದೊಡ್ಡವರು ತಮ್ಮ ಮಣಿಕಟ್ಟಿಗೆ ತಾಗಿಸಿ ನೋಡಬೇಕು. ಸಂಜೆ ಪಾದದಲ್ಲಿ ಗೀರು ಗಾಯ ಇದೆಯಾ ನೋಡಿ ಎಣ್ಣೆ ಹಚ್ಚಬೇಕು. ಕಾರಣಗಳೆಲ್ಲ ಖಾಲಿಯಾದ ಮೇಲೆ ಬಸಮ್ಮನ ಬಾಯಲ್ಲಿ ನಿಜ ಬಂತು.

"ಆ ಕಾಲಿಗೆ ನಾನು ಒಂದ್ಸಲ ಮದ್ದು ಮಾಡಿದ್ದೀನಿ ಕಣವ್ವ. ಸಾಕು. ನನ್ ಕೈ ಒಳ್ಳೇದಲ್ಲ."

ಪಾತ್ರೆ ಹಿಡಿದು ಹಿತ್ತಿಲ ಬಾಗಿಲಲ್ಲಿ ನಿಂತಿದ್ದ ಆಶಾ ಅದನ್ನು ಕೇಳಿಸಿಕೊಂಡಳು. ಅವಳು ಪಾತ್ರೆ ಕೆಳಗಿಟ್ಟು ಕಣದ ಅಂಚಿಗೆ ಬಂದಳು. ಎಷ್ಟೋ ತಿಂಗಳಿಂದ ಅತ್ತೆಯ ಜೊತೆ ಅಡುಗೆ, ಹಾಲು, ಆಳು ಬಿಟ್ಟು ಬೇರೆ ಮಾತಾಡದಿದ್ದವಳು.

"ಅತ್ತೆ, ನೀವೇ ಮಾಡಿ," ಅಂದಳು. "ನನ್ ಕೈಗೆ ಅವಳು ಬಗ್ತಾ ಇಲ್ಲ. ನಂಗೂ ಸಾಕಾಗೈತೆ. ಇದು ನಿಮ್ ಕಣ, ನಿಮ್ ಮಾತು ಕೇಳ್ತಾಳೆ."

ಬಸಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಹಣೆಯ ವಿಭೂತಿಯೂ ಅಳಿಸಿಹೋಯಿತು. ಆಮೇಲೆ ಪಲ್ಪರ್ ಶೆಡ್ಡಿನ ಕಡೆ ತಿರುಗಿ, ಅಲ್ಲಿ ಅಡಗಿ ಎಲ್ಲ ಕೇಳಿಸಿಕೊಳ್ಳುತ್ತಿದ್ದವಳನ್ನು ಕರೆದಳು. ಬಾ ಮಗ, ನಾಳೆಯಿಂದ ನೀನೂ ಕಣದ ಆಳು, ಅಂದಳು. ಸ್ನೇಹಾ ಶೆಡ್ಡಿನ ಮರೆಯಿಂದಲೇ ಕೂಲಿ ಎಷ್ಟು ಅಂತ ಕೇಳಿದಳು. ದಿನಾ ಒಂದು ಕತೆ, ಭೂತಮ್ಮನ ಮದುವೆ ಕತೆಯಿಂದ ಶುರು, ಅಂದಳು ಬಸಮ್ಮ. ಭೂತಮ್ಮ ಅದು ಮಕ್ಕಳಿಗೆ ಹೇಳುವ ಕತೆಯಲ್ಲ ಅಂದಳು. ಅಷ್ಟು ಸಾಕಾಯಿತು, ಹುಡುಗಿ ಒಪ್ಪಿಬಿಟ್ಟಳು.

ಹೀಗೆ ಶುರುವಾಯಿತು. ಸ್ಕೂಲಿನಿಂದ ಬಂದವಳನ್ನು ಕಣದಲ್ಲಿ ಕೂರಿಸಿ, ಬಸಮ್ಮ ತನ್ನ ಮಣಿಕಟ್ಟಿನಲ್ಲಿ ಬಿಸಿ ನೋಡಿ, ಬೊಗಸೆ ಬೊಗಸೆ ಕಾಫಿ ಆ ಕಾಲಿನ ಮೇಲೆ ಸುರಿದು ಮೊಣಕಾಲಿನವರೆಗೆ ಮುಚ್ಚುತ್ತಿದ್ದಳು. ಬೆಚ್ಚನೆಯ ಕಾಳು ಸಂದುಗೊಂದಿಗೆಲ್ಲ ಇಳಿದು ಅವುಚಿಕೊಳ್ಳುತ್ತಿತ್ತು. ಹುಡುಗಿಗೆ ಕಚಗುಳಿ, ನಗು. ಅಷ್ಟರಲ್ಲಿ ಭೂತಮ್ಮನ ಮದುವೆಯ ದಿನ ದಿಬ್ಬಣದ ಲಾರಿ ಎತ್ತಿನಹಳ್ಳದಲ್ಲಿ ಹೂತುಹೋದ ಕತೆ. ಮದುಮಗನೇ ಲಾರಿ ತಳ್ಳಲು ಇಳಿದು ಪಂಚೆ ಕಳಕೊಂಡ ಕತೆ. ನಗುತ್ತಾ ಇರುವಾಗಲೇ ಕಾಲನ್ನು ಹೊರತೆಗೆದು, ಪಾದವನ್ನು ತನ್ನ ಎದೆಗೆ ಒತ್ತಿಕೊಂಡು, ಮೊಣಕಾಲು ನೆಟ್ಟಗೆ ಮಾಡಿ, ಮೆಲ್ಲಗೆ ಮುಂದಕ್ಕೆ ವಾಲುತ್ತಿದ್ದಳು. ಮೊದಮೊದಲು ಬಸಮ್ಮ ಚೂರೇ ಚೂರು ವಾಲಿ ಹಿಂದಕ್ಕೆ ಸರಿದುಬಿಡುತ್ತಿದ್ದಳು. ನೋವಾದ್ರೆ ಹೇಳು ಮಗ, ಅಂದರೆ ಹುಡುಗಿ, ನೋವೇ ಐತೆ, ಕತೆ ನಿಲ್ಲಿಸಬೇಡ ಅನ್ನುತ್ತಿದ್ದಳು.

ಆಮೇಲೆ ನಡಿಗೆ. ಬಸಮ್ಮ ಮುಂದೆ, ಹುಡುಗಿ ಹಿಂದೆ. ಮೊದಲ ದಿನ ಅವಳು ಎಳೆದ ಸಾಲನ್ನು ಭೂತಮ್ಮ ಸೊಂಟಕ್ಕೆ ಕೈಕೊಟ್ಟು ನೋಡಿದಳು. ಎಡಗಾಲಿನದ್ದು ಒಂದೇ ಉದ್ದನೆಯ ಗೀರು. ಬಲಗಾಲಿನದ್ದು ಬೆರಳು ಕುಕ್ಕಿದ ಗುಳಿ, ಬಿಟ್ಟು ಮತ್ತೊಂದು ಗುಳಿ.

"ಒಂದ್ ಕಾಲು ರೋಡು, ಇನ್ನೊಂದ್ ಕಾಲು ಹೊಲಿಗೆ," ಅಂದಳು ಭೂತಮ್ಮ.

ಸ್ನೇಹಾ ಹೊಲಿಗೆ ಮೆಷಿನ್ನಿನ ಸದ್ದು ಮಾಡಿಕೊಂಡು ಇನ್ನೊಂದು ಸಾಲು ಹೊಡೆದಳು. ಬಸಮ್ಮ ನಗಲಿಲ್ಲ. ಜೀವಮಾನದಲ್ಲಿ ಮೊದಲ ಸಲ ತನ್ನ ಕಣದ ಮೇಲೆ ಸೊಟ್ಟ ಸಾಲನ್ನು ಸರಿ ಮಾಡದೆ ಹಾಗೇ ಬಿಟ್ಟಳು. ದಾರಿಯಲ್ಲಿ ಹೋಗುತ್ತಿದ್ದ ನಾಗರತ್ನಮ್ಮ ಬೇಲಿ ಆಚೆಯಿಂದ ನೋಡಿ, ಏನ್ ಬಸಮ್ಮಕ್ಕ, ನಿಮ್ ಕಣದ ಮೇಲೆ ಕೋಳಿ ಬಿಟ್ಟಿದ್ದೀರಾ ಅಂತ ಕೇಳಿದಳು. ಹೌದು, ಕೊಕ್ಕರೆ ಸಾಕಿದ್ದೀನಿ, ಅಂದಳು ಬಸಮ್ಮ. ಒಳಗೆ ಉರಿದುಹೋಯಿತು, ಹೊರಗೆ ಅಷ್ಟೇ ಅಂದಳು.

ಸಂಜೆ ಕಾಫಿ ಗುಡ್ಡೆ ಹಾಕಿ ಟಾರ್ಪಾಲು ಮುಚ್ಚಿದ ಮೇಲೆ, ಹುಡುಗಿಯನ್ನು ಕಟ್ಟೆಗೆ ಒರಗಿ ನಿಲ್ಲಿಸಿ ಹಿಮ್ಮಡಿಯ ಅಡಿಗೆ ಕೈ ತೂರಿಸಿ ನೋಡುವುದು ಬಸಮ್ಮನ ಅಭ್ಯಾಸವಾಯಿತು. ಮುಷ್ಟಿ ಹೋಗುತ್ತಿದ್ದಲ್ಲಿ ಕೆಲವು ವಾರದ ಮೇಲೆ ಅಂಗೈ ಅಡ್ಡ ಮಾಡಿದರೆ ಮಾತ್ರ ಹೋಗತೊಡಗಿತು. ಆಮೇಲೆ ಬರೀ ಬೆರಳು. ಅಲ್ಲಿಗೆ ಬಂದು ನಿಂತುಬಿಟ್ಟಿತು. ಜನವರಿ ಕೊನೆಯ ಚಳಿ ಬಂತು, ಬಿಗಿ ಮತ್ತೆ ಹೆಚ್ಚಾಯಿತು, ಬೆರಳಿನ ಜಾಗ ಬೆರಳಾಗೇ ಉಳಿಯಿತು. ಆಲ್ವಿಟಾ ಬಂದು ನೋಡಿ, ಚೆನ್ನಾಗೇ ಇಳಿದಿದೆ, ಕೊನೆಯ ಚೂರೇ ಕಷ್ಟ, ಬಿಡಬೇಡಿ ಅಂದಳು. ಆದರೆ ಶಿವರಾತ್ರಿ ಹತ್ತಿರ ಬರುತ್ತಿತ್ತು. ಆಶಾ ಮೃತ್ಯುಂಜಯನ ಹತ್ತಿರ ಆಪರೇಷನ್ ಆದರೆ ಎಷ್ಟು ದಿನ ಸ್ಕೂಲು ತಪ್ಪುತ್ತದೆ ಅಂತ ಪಿಸುದನಿಯಲ್ಲಿ ಮಾತಾಡುವುದು ಬಸಮ್ಮನ ಕಿವಿಗೆ ಬಿತ್ತು. ಅವಳು ಮಗ್ಗುಲು ಬದಲಿಸಿ ಮಲಗಿದಳು. ನಿದ್ದೆ ಮಾತ್ರ ಬರಲಿಲ್ಲ.

ಅರೇಬಿಕಾ ಮುಗಿದು ಮೂಟೆ ಸ್ಟೋರಿಗೆ ಸೇರಿತು. ಇನ್ನು ರೊಬಸ್ಟಾ. ಅದು ಸಿಪ್ಪೆ ಸಮೇತ ಹಣ್ಣಾಗೇ ಒಣಗುವುದು, ಅದಕ್ಕೆ ಕಣದ ಕೆಳಗಿನ ಅರ್ಧ. ಮೇಲಿನ ಅರ್ಧಕ್ಕೆ ಮಗ ಸಿಮೆಂಟು ಹಾಕಿಸಿದ್ದ. ಕೆಳಗಿನದಕ್ಕೆ ಬಸಮ್ಮ ಬಿಟ್ಟಿರಲಿಲ್ಲ, ಮಣ್ಣಿನದ್ದೇ. ಹೊಸ ಕಾಫಿ ಹರವುವ ಮೊದಲು ಅದಕ್ಕೆ ಸಗಣಿ ಕದಡಿ ಸಾರಿಸಬೇಕು. ಸಾರಿಸಿ ಒಣಗುವ ತನಕ ಆ ಕಣದ ಮೇಲೆ ಮನುಷ್ಯರಿರಲಿ, ಕೋಳಿ ಕಾಲಿಟ್ಟರೂ ಬಸಮ್ಮ ಊರು ಒಂದು ಮಾಡುತ್ತಿದ್ದಳು. ಹಿಂದೊಂದು ವರ್ಷ ಅದರ ಮೇಲೆ ಸೈಕಲ್ ಓಡಿಸಿದ್ದಕ್ಕೆ ಮೃತ್ಯುಂಜಯ ಮದುವೆಯಾದ ಗಂಡಸು ಅನ್ನುವುದನ್ನೂ ನೋಡದೆ ಪೊರಕೆ ತಗೊಂಡಿದ್ದಳಂತೆ. ಆ ದಿನ ಇಳಿಹೊತ್ತಿಗೆ ಬಸಮ್ಮ, ಭೂತಮ್ಮ ಸೇರಿ ಮೂಲೆಯಿಂದ ಮೂಲೆಗೆ ಬೆರಳ ಗೀರು ಅರ್ಧ ಚಂದ್ರಾಕಾರವಾಗಿ ಮೂಡುವ ಹಾಗೆ ಸಾರಿಸಿ, ಸುತ್ತ ಮುಳ್ಳಿನ ಟೊಂಗೆ ಇಟ್ಟು, ಸೊಂಟ ಹಿಡಿದುಕೊಂಡು ಎದ್ದರು.

ಬೆಳಿಗ್ಗೆ ಮಂಜು ಇನ್ನೂ ಕಣದ ಮೇಲೆ ಕೂತಿತ್ತು. ಬಸಮ್ಮ ಮುಖ ತೊಳೆದು ಬಂದು ನೋಡಿದರೆ ಮುಳ್ಳಿನ ಟೊಂಗೆ ಒಂದು ಕಡೆ ಸರಿದಿದೆ. ಒಳಗೆ ಹೆಜ್ಜೆ. ಅವಳಿಗೆ ರಕ್ತ ತಲೆಗೇರಿತು. ಆನೆ ಬಂದು ತುಳಿದು ಹೋಗಿದ್ರೂ ಇಷ್ಟು ಬೇಜಾರಾಗ್ತಿರ್ಲಿಲ್ಲ, ಯಾವ ಮನೆಹಾಳ ಪ್ರಾಣಿ ಇದು, ಅಂತ ಪೊರಕೆ ಎತ್ತಿಕೊಂಡು ಕಣದ ಅಂಚಿಗೆ ಬಂದಳು. ಬಗ್ಗಿ ನೋಡಿದಳು.

ಮೊದಲು ಕಂಡದ್ದು ಸೀಳು ಗೊರಸು. ಪುಟ್ಟದು, ಕರುವಿನದ್ದು. ಅಂದರೆ ಕೊಟ್ಟಿಗೆಯಿಂದ ಕರು ಹಗ್ಗ ಬಿಡಿಸಿಕೊಂಡು ಬಂದಿದೆ. ಹಗ್ಗ ಹಸಿ ಸಗಣಿಯ ಮೇಲೆ ಹಾವಿನ ಹಾಗೆ ಎಳೆದು ಹೋದ ಗುರುತು. ಗೊರಸು ಕಣದ ಒಳಕ್ಕೆ ನಾಲ್ಕಾರು ಹೆಜ್ಜೆ ಇಟ್ಟು, ಅಲ್ಲಿ ಗಡಬಡಿಸಿ, ತಿರುಗಿ ವಾಪಸು ಹೋಗಿದೆ. ಯಾರೋ ಹಗ್ಗ ಹಿಡಿದು ಹೊರಗೆಳೆದಿದ್ದಾರೆ. ಕಣ ಹಾಳಾಗಬಾರದು ಅಂತ, ಹಿಂದಕ್ಕೆ ವಾಲಿ, ಬಲವೆಲ್ಲ ಹಾಕಿ ಎಳೆದಿದ್ದಾರೆ. ಎಳೆದವರ ಪಾದ ಅಲ್ಲೇ ಮೂಡಿತ್ತು. ಎರಡು ಪುಟ್ಟ ಪಾದ, ಪಕ್ಕ ಪಕ್ಕ. ಎಡಗಡೆಯದ್ದರಲ್ಲಿ ಹಿಮ್ಮಡಿ ಆಳವಾಗಿ ಊರಿತ್ತು.

ಬಲಗಡೆಯದ್ದರಲ್ಲೂ ಊರಿತ್ತು.

ಬಸಮ್ಮ ಪೊರಕೆ ಕೆಳಗೆ ಹಾಕಿದಳು. ಕುಕ್ಕರುಗಾಲಲ್ಲಿ ಕೂತಳು. ಐದು ಬೆರಳು, ನಡುವೆ ಪಾದದ ಸೊಂಟ, ಹಿಂದೆ ಒಂದು ಪುಟ್ಟ ಬಟ್ಟಲಿನ ಹಾಗೆ ಗುಂಡಗೆ ಹಿಮ್ಮಡಿ. ಬೆರಳಿಟ್ಟು ಆ ಗುಳಿಯನ್ನು ತಡವಿದಳು. ಅದರೊಳಗೆ ಒಂದಿಷ್ಟು ಮಂಜಿನ ನೀರು ನಿಂತಿತ್ತು.

ಪಲ್ಪರ್ ಶೆಡ್ಡಿನ ಹಿಂದಿನಿಂದ ಉಸಿರಾಟ ಕೇಳಿಸಿತು. ಬಾರೇ ಇಲ್ಲಿ, ಅಂದಳು. ಸ್ನೇಹಾ ಹೊರಗೆ ಬರುತ್ತಲೇ ವಕೀಲರ ಹಾಗೆ ವಾದ ಶುರು ಮಾಡಿದಳು. ಕರು ತಾನಾಗೇ ಬಂದದ್ದು, ಕರೆದರೆ ಕೇಳಲಿಲ್ಲ, ತಾನು ಒಳಗೆ ಹೋಗದಿದ್ದರೆ ಅದು ಇಡೀ ಕಣ ತುಳಿಯುತ್ತಿತ್ತು, ಲೆಕ್ಕ ಹಾಕಿದರೆ ತಾನು ಕಣ ಉಳಿಸಿದವಳು, ಬೈಯುವುದಾದರೆ ಕರುವಿಗೆ ಬೈಯಬೇಕು. ಬಸಮ್ಮ ಅದ್ಯಾವುದೂ ಕೇಳಲಿಲ್ಲ.

"ಬಾ ಮಗ. ಇದ್ರಲ್ಲಿ ಕಾಲಿಡು."

ಸ್ನೇಹಾ ಹಸಿ ಕಣದ ಮೇಲೆ ಕಾಲಿಡಲು ಹೆದರಿ ಅಜ್ಜಿಯ ಮುಖ ನೋಡಿದಳು. ಅಜ್ಜಿ ತಾನೇ ಬರಿಗಾಲಲ್ಲಿ ಕಣದ ಮೇಲೆ ನಿಂತಿದ್ದಳು, ಸಾರಿಸಿದ್ದನ್ನೆಲ್ಲ ತುಳಿದುಕೊಂಡು. ಹುಡುಗಿ ಬಂದು ತನ್ನ ಅಚ್ಚಿನೊಳಗೆ ಮೊದಲು ಎಡಗಾಲು, ಆಮೇಲೆ ಬಲಗಾಲು ಇಟ್ಟಳು. ಬೆರಳು ಕೂತಿತು. ಹಿಮ್ಮಡಿ ಮೇಲೆ ನಿಂತಿತು. ಬಸಮ್ಮ ಎದುರಿಗೆ ಬಂದು ನಿಂತಳು. ಕರು ಎಳೆದಂಗೆ ಹಿಂದಕ್ಕೆ ವಾಲು, ಅಂದಳು, ತನ್ನ ಎರಡು ಕೈ ಮುಂದಕ್ಕೆ ಚಾಚಿ ಹಿಡಿಸಿದಳು. ಹುಡುಗಿ ಅಜ್ಜಿಯ ಕೈ ಹಿಡಿದು ಹಿಂದಕ್ಕೆ ವಾಲಿದಳು. ಹಿಮ್ಮಡಿ ಇಳಿಯಿತು. ನಿಂತಿತು. ಮತ್ತೆ ಇಳಿಯಿತು. ಆಮೇಲೆ ಆ ಬಟ್ಟಲಿನೊಳಗೆ ಕೂತುಬಿಟ್ಟಿತು. ಬಸಮ್ಮ ಒಂದು ಕೈ ಬಿಡಿಸಿಕೊಂಡು ಅಂಚಿನ ಗಿಡದಿಂದ ಒಂದು ಕಾಫಿ ಎಲೆ ಕಿತ್ತು, ಹಿಮ್ಮಡಿಯ ಅಡಿಗೆ ತೂರಿಸಲು ನೋಡಿದಳು. ಎಲೆ ಮಡಚಿಕೊಂಡಿತು, ಒಳಗೆ ಹೋಗಲಿಲ್ಲ. ಇನ್ನೊಂದು ಎಲೆ ಕಿತ್ತು ನೋಡಿದಳು. ಅದೂ ಹೋಗಲಿಲ್ಲ.

"ಆಶಾ," ಅಂತ ಕರೆದಳು. "ಆಶಾ, ಒಸಿ ಬಾರವ್ವ ಇಲ್ಲಿ. ಅವಳ ಕಾಲ ಕೆಳಗೆ ಎಲೆ ಹೋಗ್ತಾ ಇಲ್ಲ ಕಣೆ."

ಆಶಾ ಹಾಲಿನ ಕೈಯಲ್ಲೇ ಓಡಿ ಬಂದಳು. ನೋಡಿದಳು. ಅವಳೂ ಒಂದು ಎಲೆ ಕಿತ್ತು ತೂರಿಸಿ ನೋಡಿದಳು, ನಂಬಿಕೆ ಬಾರದವಳ ಹಾಗೆ. ಆಮೇಲೆ ಆ ಸಗಣಿಯ ಮೇಲೇ ಕೂತು ಮಗಳ ಕಾಲು ತಬ್ಬಿಕೊಂಡಳು. ಇನ್ನೊಂದು ಕೈ ಅತ್ತೆಯ ಸೆರಗನ್ನು ಹಿಡಿದುಕೊಂಡಿತ್ತು. ಹಿಡಿದದ್ದು ಅವಳಿಗೆ ಗೊತ್ತಿತ್ತೋ ಇಲ್ಲವೋ. ಬಸಮ್ಮನಿಗಂತೂ ಗೊತ್ತಿತ್ತು. ಸ್ನೇಹಾ ಮಾತ್ರ, ನೀವಿಬ್ರೂ ಅತ್ತಿದ್ದು ಮುಗಿದ್ರೆ ಹೇಳಿ, ಸ್ಕೂಲಿಗೆ ಹೊತ್ತಾಯ್ತು, ಅಂದಳು.

ಆ ಹೆಜ್ಜೆಯ ಮೇಲೆ ಬಸಮ್ಮ ಯಾರಿಗೂ ಮತ್ತೆ ಸಾರಿಸಲು ಬಿಡಲಿಲ್ಲ. ಒಣಗಿ ಗಟ್ಟಿಯಾದ ಮೇಲೆ ಅದರ ಮೇಲೊಂದು ಕುಕ್ಕೆ ಬೋರಲು ಹಾಕಿದಳು. ಬಂದವರಿಗೆಲ್ಲ ಕುಕ್ಕೆ ಎತ್ತಿ ತೋರಿಸುವುದೇ ಕೆಲಸ. ಫೆಲಿಕ್ಸ್ ರೈಟರು ಕನ್ನಡಕ ಒರೆಸಿಕೊಂಡು ನೋಡಿದರು. ಮರ್ಸಿ ಶಿಲುಬೆ ಗುರುತು ಹಾಕಿಕೊಂಡಳು. ಆಲ್ವಿಟಾ ಮಂಡಿಯೂರಿ ಕೂತು ಫೋಟೊ ತೆಗೆದುಕೊಂಡಳು. ಅವಳಿಗೆ ಬಸಮ್ಮ ಒಂದು ಚೀಲ ಸೀಬೆ ಹಣ್ಣು ಕೊಟ್ಟು, ಇನ್ ಮೇಲೆ ಕದಿಯೋದು ಬೇಡ, ಕೇಳಿ ಇಸ್ಕೊ ಅಂದಳು. ದಾರಿಯಲ್ಲಿ ಹೋಗುತ್ತಿದ್ದ ನಾಗರತ್ನಮ್ಮನನ್ನೂ ಕರೆದು ತೋರಿಸಿದಳು. ಅಂಟುವ ರೋಗ ಆಗಿದ್ರೆ ಮೊದ್ಲು ನಂಗೇ ಅಂಟ್ಬೇಕಿತ್ತು ನಾಗರತ್ನ, ದಿನಾ ಎದೆ ಮೇಲೆ ಇಟ್ಕೊಂಡಿದ್ದೆ ಈ ಕಾಲನ್ನ, ಅಂದಳು, ನಗುತ್ತಲೇ. ನಾಗರತ್ನಮ್ಮ ಸುಮಾರು ಹೊತ್ತು ಆ ಹೆಜ್ಜೆ ನೋಡಿದಳು. ಸೋಮವಾರದ ಜೀಪಿನಲ್ಲಿ ಅವಳ ಮೊಮ್ಮಗಳು ಹಿಂದಿನ ಸೀಟಿಗೆ ವಾಪಸು ಬಂದಿದ್ದಳು ಅಂತ ಸ್ನೇಹಾ ಹೇಳಿದಳು, ಆ ಹುಡುಗಿ ಕೂರುವ ಗತ್ತನ್ನು ಮಾಡಿ ತೋರಿಸಿ.

ಶಿವರಾತ್ರಿಗೆ ಮುಂಚೆ ಮಂಗಳೂರಿಗೆ ಹೋದರು. ಡಾಕ್ಟರು ಹುಡುಗಿಯನ್ನು ಬರಿಗಾಲಲ್ಲಿ ಉದ್ದಕ್ಕೆ ನಡೆಸಿದರು, ತಿರುಗಿಸಿ ನಡೆಸಿದರು, ಕೋನ ಅಳೆಯುವ ಪಟ್ಟಿ ಹಿಡಿದು ಮೊಣಕಾಲು, ಪಾದ ಎರಡೂ ಅಳೆದರು. ಆಪರೇಷನ್ ಬೇಡ ಅಂದರು. ಮಾತ್ರೆ ಇನ್ನೂ ಬಿಡುವ ಹಾಗಿಲ್ಲ, ವರ್ಷಗಟ್ಟಲೆ ನೋಡಬೇಕು, ಬಲಗಾಲು ಎಡಕ್ಕಿಂತ ಸ್ವಲ್ಪ ಸಣಕಲು, ಅದು ಹಾಗೇ ಉಳಿಯಬಹುದು, ಪಟ್ಟಿಯೂ ಪೂರ್ತಿ ಮಾಯವಾಗುವುದಿಲ್ಲ ಅಂತಲೂ ಹೇಳಿದರು. ವ್ಯಾಯಾಮ ಯಾರು ಮಾಡಿಸಿದ್ದು ಅಂತ ಕೇಳಿದಾಗ ಆಶಾ ಅತ್ತೆಯನ್ನು ಮುಂದೆ ತಳ್ಳಿದಳು. ಘಾಟಿ ಹತ್ತುವಾಗ ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಮಾತಾಡಿದರು, ಮೃತ್ಯುಂಜಯನಿಗೆ ಕಾರು ಓಡಿಸುವುದೇ ಕಷ್ಟವಾಗುವಷ್ಟು. ಮಾರನಹಳ್ಳಿಯಲ್ಲಿ ಟೀ ಕುಡಿಯಲು ಇಳಿದಾಗ ಬಸಮ್ಮ ಎರಡು ಬನ್ನು ತಿಂದಳು.

ಮಾರನೇ ದಿನ ರೊಬಸ್ಟಾ ಕಣಕ್ಕೆ ಬಂತು. ಕೆಂಪು ಕೆಂಪು ಹಣ್ಣು, ಚೀಲ ಬಿಚ್ಚಿದ ಹಾಗೆ ಉರುಳಿ ಹರಡಿತು. ಬಸಮ್ಮ ಕುಕ್ಕೆಯ ಸುತ್ತ ಒಂದು ಕಲ್ಲಿನ ಬಳೆ ಇಟ್ಟು, ಅಲ್ಲಿಗೆ ಹಣ್ಣು ಬೀಳದ ಹಾಗೆ ನೋಡಿಕೊಳ್ಳುತ್ತಿದ್ದಳು. ಸ್ನೇಹಾ ಸೊಂಟಕ್ಕೆ ಕೈಕೊಟ್ಟು, ಥೇಟ್ ಭೂತಮ್ಮನ ಭಂಗಿಯಲ್ಲಿ, ಸ್ವಲ್ಪ ಹೊತ್ತು ನೋಡಿದಳು. ಬಂದು ಕಲ್ಲುಗಳನ್ನು ಒಂದೊಂದೇ ತೆಗೆದು ಬೇಲಿ ಕಡೆ ಎಸೆದಳು. ಕುಕ್ಕೆ ಎತ್ತಿಟ್ಟಳು.

"ಕಾಲು ಇಲ್ಲೇ ಐತಲ್ಲಜ್ಜಿ," ಅಂದಳು. "ಅಚ್ಚು ಯಾಕೆ?"

ಬಸಮ್ಮ ಕುಕ್ಕೆ ಎತ್ತಿಕೊಂಡು ಹೋಗಿ ಕಟ್ಟೆಯ ಮೇಲೆ ಕೂತಳು. ಹುಡುಗಿ ಎರಡು ಕೈಯಲ್ಲಿ ಹಣ್ಣು ತಳ್ಳಿ ಆ ಹೆಜ್ಜೆಯನ್ನು ಮುಚ್ಚಿದಳು. ಪೈಜಾಮದ ಅಂಚು ಕೊಡವಿಕೊಂಡು ಕಣದ ತುದಿಗೆ ಹೋಗಿ, ಕಾಫಿಯೊಳಗಿಳಿದು, ಹಿಮ್ಮಡಿ ಊರಿ, ಜಾರಿಸಿದಳು. ಬಲಗಾಲು ಮೆಲ್ಲಗೆ, ಒಂದು ಕ್ಷಣ ತಡೆದು, ಆದರೆ ಊರಿ. ಈ ತುದಿಯಿಂದ ಆ ತುದಿಗೆ. ತಿರುಗಿ ಮತ್ತೆ. ಕೆಂಪು ಹಣ್ಣಿನ ನಡುವೆ ಎರಡು ಗೀರು ಬಿಡದೆ ಹರಿದು ಹೋದವು.

"ಎರಡೂ ರೋಡೇ ಕಣವ್ವ ಈಗ," ಅಂದಳು ಭೂತಮ್ಮ. ಆಶಾ ಹಿತ್ತಿಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಬಸಮ್ಮ ಕಟ್ಟೆಯಿಂದ ಇಳಿದು ಕಣದ ತುದಿಯಲ್ಲಿ ನಿಂತು, ಒಂದು ಕಣ್ಣು ಮುಚ್ಚಿ, ಸಾಲುಗಳನ್ನು ಮೊದಲಿನಿಂದ ಕೊನೆಯವರೆಗೆ ನೋಡಿದಳು. ಮೊದಲನೆಯದು ಸರಿಯಿತ್ತು. ಎರಡನೆಯದೂ ಸರಿಯಿತ್ತು. ಅವಳ ಕಣ್ಣು ತುಂಬಿಕೊಂಡಿತ್ತು, ದನಿ ಮಾತ್ರ ಎಂದಿನ ಕಣದ ದನಿ.

"ಮೂರನೇದು ಸೊಟ್ಟ ಐತೆ," ಅಂದಳು. "ಅಳಿಸಿ ತಿರಗಾ ಹೊಡಿ."